ಲಂಗದ ಲಾಡಿ ಸಾಲದಾದಾಗ: ಅಂಡಾಶಯದ ಕ್ಯಾನ್ಸರ್ ಮತ್ತು ಮಲೆನಾಡಿನ ದಾರಿ

ದೊಡ್ಡಮ್ಮ ಮೊದಲು ಮಾತು ತೆಗೆದದ್ದು ಲಂಗದ ಬಗ್ಗೆ. ಮೂಡಿಗೆರೆ ಹತ್ತಿರದ ಅವರ ಮನೆಗೆ ಹೋಗಿದ್ದೆ. "ರವಿಕೆ ಹಿಡಿಸಬೇಕೋ, ಲಂಗ ದೊಡ್ಡದು ಮಾಡಿಸಬೇಕೋ ಗೊತ್ತಾಗ್ತಿಲ್ಲ ಮಾರಾಯ್ತಿ" ಎಂದು ನಕ್ಕರು. ನೋಡಿದರೆ ರವಿಕೆ ತೋಳಿನಲ್ಲಿ ಜೋಲುತ್ತಿತ್ತು. ಲಂಗದ ಲಾಡಿ ಮಾತ್ರ ಗಂಟು ಹಾಕುವಷ್ಟೂ ಉಳಿಯುತ್ತಿರಲಿಲ್ಲ. ಮೈ ಇಳಿದಿತ್ತು, ಹೊಟ್ಟೆ ಬೆಳೆದಿತ್ತು.

ಆಗ ಅವರಿಗೆ 58 ವರ್ಷ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತಂತೆ. ಪದೇ ಪದೇ ಒಂದಕ್ಕೆ ಹೋಗಬೇಕು ಅನಿಸುತ್ತಿತ್ತಂತೆ. ಗ್ಯಾಸು ಎಂದುಕೊಂಡು ಐದು ತಿಂಗಳಿಂದ ಮಾತ್ರೆ ನುಂಗುತ್ತಿದ್ದರು. ಒಂದು ಸ್ಟ್ರಿಪ್ ಮೆಡಿಕಲ್ ಶಾಪಿನವರು ಕೊಟ್ಟದ್ದು, ಇನ್ನೊಂದು ಕ್ಲಿನಿಕ್ಕಿನಲ್ಲಿ ಬರೆದದ್ದು. ಜೊತೆಗೆ ಜೀರಿಗೆ ಕಷಾಯ. ಕಾಫಿ ಕೊಯ್ಲು ಮುಗಿದ ಮೇಲೆ ದೊಡ್ಡಾಸ್ಪತ್ರೆಗೆ ತೋರಿಸೋಣ ಅಂತ ಮನೆಯವರ ಲೆಕ್ಕ. ಅರೇಬಿಕಾ ಮುಗಿಯಿತು. ರೊಬಸ್ಟಾ ಶುರುವಾಯಿತು.

ಅದು ಅಂಡಾಶಯದ ಕ್ಯಾನ್ಸರ್ ಆಗಿತ್ತು. ಮೂರನೇ ಹಂತ, ಅಂದರೆ ಅಂಡಾಶಯ ದಾಟಿ ಹರಡಿಯಾಗಿತ್ತು.

ಆಮೇಲಿನ ಒಂದೂವರೆ ವರ್ಷ ಅವರ ಫೈಲ್ ಹಿಡಿದು ಓಡಾಡಿದವಳು ನಾನು. ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಒಂದು ವಿಷಯ ಅರ್ಥವಾಯಿತು. ಅದೇ ಕಾಯಿಲೆ, ಅದೇ ಔಷಧಿ, ಆದರೂ ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಉಳಿಯುವುದಿಲ್ಲ. ಇದಕ್ಕೆ ಹಣೆಬರಹ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಊರು, ದುಡ್ಡು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಮೊದಲ ಬಾರಿ ಹೊಟ್ಟೆ ಕೊಯ್ದವರು ಯಾರು, ಇವೆಲ್ಲ ಸೇರಿ ಆ ಲೆಕ್ಕ ಬರೆಯುತ್ತವೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು ಅಂಡಾಶಯ ಇರುತ್ತದೆ. ಡಾಕ್ಟರುಗಳು ಓವರಿ ಅನ್ನುತ್ತಾರೆ. ಗಾತ್ರ ಒಂದು ನೆಲ್ಲಿಕಾಯಿಯಷ್ಟು. ಮುಟ್ಟು ನಿಂತ ಮೇಲೆ ಇನ್ನೂ ಚಿಕ್ಕದಾಗುತ್ತದೆ. ಸ್ತನದಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದರೆ ರಕ್ತ ಕಾಣಿಸಿಕೊಳ್ಳುತ್ತದೆ. ಅಂಡಾಶಯ ಹೊಟ್ಟೆಯೊಳಗೆ ಸಡಿಲವಾಗಿ ಕೂತಿರುತ್ತದೆ, ಸುತ್ತ ಜಾಗ ಬೇಕಾದಷ್ಟು. ಗಡ್ಡೆ ಬೆಳೆದರೂ ಯಾರಿಗೂ ತಗಲುವುದಿಲ್ಲ. ಹೊಟ್ಟೆಯೊಳಗೆ ಕರುಳು ಜಾರಲು ಸ್ವಲ್ಪ ನೀರಿನಂಥ ದ್ರವ ಇರುತ್ತದಲ್ಲ, ಕ್ಯಾನ್ಸರ್ ಕಣಗಳು ಅದರಲ್ಲಿ ತೇಲಿ ಕರುಳಿನ ಮೇಲೆ, ಕರುಳನ್ನು ಹೊದ್ದಿರುವ ಕೊಬ್ಬಿನ ಪದರದ ಮೇಲೆ, ಲಿವರ್ ಪಕ್ಕದಲ್ಲಿ ಎಲ್ಲೆಂದರಲ್ಲಿ ಕೂರುತ್ತವೆ. ಹೊಲದಲ್ಲಿ ರಾಗಿ ಎರಚಿದ ಹಾಗೆ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಲಾಡಿ ಸಾಲದಾಗುವುದು ಆಗ.

ಹೀಗಾಗಿ ಹತ್ತು ಜನರಲ್ಲಿ ಸುಮಾರು ಏಳು ಜನರಿಗೆ ಕಾಯಿಲೆ ಗೊತ್ತಾಗುವುದೇ ಮೂರು ಅಥವಾ ನಾಲ್ಕನೇ ಹಂತದಲ್ಲಿ. ಅಮೆರಿಕದ ಅಂಕಿಗಳ ಪ್ರಕಾರ ಅಂಡಾಶಯದೊಳಗೇ ಇರುವಾಗ ಸಿಕ್ಕಿದರೆ ನೂರರಲ್ಲಿ 90ಕ್ಕೂ ಹೆಚ್ಚು ಹೆಂಗಸರು ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲಾದರೆ ಸುಮಾರು 30. ಭಾರತದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನ, ಗರ್ಭಕೋಶದ ಬಾಯಿ ಬಿಟ್ಟರೆ ಇದೇ ಮೂರನೆಯದು. 2022ರ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಸುಮಾರು 47 ಸಾವಿರ ಹೊಸ ರೋಗಿಗಳು, ಸುಮಾರು 33 ಸಾವಿರ ಸಾವು. ಈ ಎರಡು ಸಂಖ್ಯೆಗಳು ಎಷ್ಟು ಹತ್ತಿರ ಇವೆ ನೋಡಿ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ಹಾಗಾದ್ರೆ ಮೊದಲೇ ಟೆಸ್ಟ್ ಮಾಡಿಸಬಹುದಲ್ವಾ?" ನಾನೂ ಕೇಳಿದ್ದೆ. ಉತ್ತರ ಸ್ವಲ್ಪ ಬೇಸರದ್ದು. ಇಂಗ್ಲೆಂಡಿನ ಕಡೆ 50ರಿಂದ 74 ವರ್ಷದ 2 ಲಕ್ಷಕ್ಕೂ ಹೆಚ್ಚು ಆರೋಗ್ಯವಂತ ಹೆಂಗಸರನ್ನು ಸೇರಿಸಿ ದೊಡ್ಡ ಅಧ್ಯಯನವೊಂದು ನಡೆಯಿತು. ಒಂದು ಗುಂಪಿಗೆ ಪ್ರತಿ ವರ್ಷ ಸಿಎ-125 ಎಂಬ ರಕ್ತ ಪರೀಕ್ಷೆ, ಇನ್ನೊಂದು ಗುಂಪಿಗೆ ಸ್ಕ್ಯಾನಿಂಗ್, ಮೂರನೇ ಗುಂಪಿಗೆ ಏನೂ ಇಲ್ಲ. 16 ವರ್ಷಕ್ಕೂ ಮೀರಿ ಕಾದು 2021ರಲ್ಲಿ ಫಲಿತಾಂಶ ಹೇಳಿದರು. ರಕ್ತ ಪರೀಕ್ಷೆಯ ಗುಂಪಿನಲ್ಲಿ ಕೆಲವರಿಗೆ ಕಾಯಿಲೆ ಬೇಗ ಸಿಕ್ಕಿತ್ತು. ಆದರೆ ಸಾವು ಕಡಿಮೆಯಾಗಿರಲಿಲ್ಲ. ಹಾಗಾಗಿ ಲಕ್ಷಣ ಇಲ್ಲದ ಸಾಮಾನ್ಯ ಹೆಂಗಸರಿಗೆ ಈ ಟೆಸ್ಟ್ ಮಾಡಿಸಿ ಎಂದು ಯಾವ ದೇಶವೂ ಹೇಳುತ್ತಿಲ್ಲ. ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸಿಎ-125 ಸೇರಿಸಿ ಮಾರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದು 35ರೊಳಗೆ ಇದ್ದರೆ ನಾರ್ಮಲ್ ಅನ್ನುತ್ತಾರೆ. ಮೊದಲ ಹಂತದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಅದು 35 ದಾಟಿರುವುದೇ ಇಲ್ಲ. ಇನ್ನೊಂದು ಕಡೆ ಮುಟ್ಟಿನ ಸಮಯದಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆ ಇದ್ದರೆ, ಲಿವರ್ ತೊಂದರೆ ಇದ್ದರೆ ಸುಮ್ನೆ ಏರುತ್ತದೆ.

ಹೊಟ್ಟೆಯ ಟಿಬಿ ಇದ್ದರೂ ಏರುತ್ತದೆ. ಇದು ನಮ್ಮ ಕಡೆಗೆ ಮುಖ್ಯ. ಹೊಟ್ಟೆಯಲ್ಲಿ ನೀರು, ಮೈ ಇಳಿಯುವುದು, ಸುಸ್ತು, ಸಿಎ-125 ಜಾಸ್ತಿ, ಎಲ್ಲವೂ ಟಿಬಿಯಲ್ಲೂ ಹಾಗೇ ಇರುತ್ತವೆ. ಕ್ಯಾನ್ಸರ್ ಇದ್ದವರಿಗೆ ಟಿಬಿ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟದ್ದೂ ಆಗುತ್ತದೆ, ಟಿಬಿ ಇದ್ದವರಿಗೆ ಕ್ಯಾನ್ಸರ್ ಎಂದು ಮನೆಯವರು ಅತ್ತದ್ದೂ ಆಗುತ್ತದೆ. ಸಣ್ಣ ತುಂಡು ತೆಗೆದು ಲ್ಯಾಬಿಗೆ ಕಳಿಸದೆ ಇದು ಬಗೆಹರಿಯುವುದಿಲ್ಲ. ಆ ತುಂಡನ್ನು ನೋಡುವ ಪೆಥಾಲಜಿ ಡಾಕ್ಟರು ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ರಿಪೋರ್ಟಿಗೆ ಕಾಯುವ ವಾರಗಳೂ ಲೆಕ್ಕಕ್ಕೆ ಸೇರುತ್ತವೆ.

ಇನ್ನೊಂದು ಗೊಂದಲ. 30 ದಾಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅದು ಮುಗಿಸಿ ಬಂದ ಹೆಂಗಸರು "ಕ್ಯಾನ್ಸರ್ ಟೆಸ್ಟ್ ಆಯ್ತು, ಏನೂ ಇಲ್ವಂತೆ" ಅನ್ನುತ್ತಾರೆ. ಆ ಮೂರರಲ್ಲಿ ಅಂಡಾಶಯ ಇಲ್ಲ. ಪ್ಯಾಪ್ ಟೆಸ್ಟ್ ನೋಡುವುದು ಗರ್ಭಕೋಶದ ಬಾಯಿಯನ್ನು ಮಾತ್ರ.

"ನಂದು ಆಪರೇಷನ್ ಆಗಿದೆ" ಎಂಬ ಮಾತಿಗೂ ನಮ್ಮಲ್ಲಿ ಎರಡು ಅರ್ಥ. ಒಂದು ಮಕ್ಕಳಾಗದ ಆಪರೇಷನ್. ಅದರಿಂದ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಈ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ ಬಹಳ ಸಲ ಶುರುವಾಗುವುದೇ ಗರ್ಭನಾಳದ ತುದಿಯಲ್ಲಿ ಎಂದು ಈಗ ಗೊತ್ತಾಗಿದೆ. ಇನ್ನೊಂದು, ಗರ್ಭಕೋಶ ತೆಗೆಸಿದ್ದು. ನಮ್ಮ ಹಳ್ಳಿಗಳಲ್ಲಿ 40 ತುಂಬುವ ಮೊದಲೇ, ಬಿಳಿ ಸೆರಗು ಎಂದೋ ರಕ್ತ ಜಾಸ್ತಿ ಎಂದೋ ತೆಗೆಸಿಕೊಂಡವರು ಇದ್ದಾರೆ. ಆಗ ಅಂಡಾಶಯವನ್ನೂ ತೆಗೆದರೇ, ಉಳಿಸಿದರೇ? ಕೇಳಿ ನೋಡಿ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿ ಯಾವುದೋ ಟ್ರಂಕಿನಲ್ಲಿ ಗೆದ್ದಲು ತಿಂದಿರುತ್ತದೆ. ಉಳಿಸಿದ್ದರೆ ಈ ಕ್ಯಾನ್ಸರ್ ಬರಬಹುದು. ದೊಡ್ಡಮ್ಮನಿಗೂ ಹಾಗೇ ಆಗಿತ್ತು. ಗರ್ಭಕೋಶವೇ ಇಲ್ಲದ ಮೇಲೆ ಅಲ್ಲಿ ಏನು ಕಾಯಿಲೆ ಅಂತ ಅವರ ವಾದ. ಕ್ಲಿನಿಕ್ಕಿನಲ್ಲೂ ಅದನ್ನೇ ಒಪ್ಪಿಕೊಂಡರು.

ಹಾಗಾದರೆ ಉಳಿಯುವುದು ಲಕ್ಷಣಗಳು. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ. ಇವು ಯಾರಿಗಿಲ್ಲ ಹೇಳಿ? ಹಲಸಿನಹಣ್ಣು ತಿಂದ ಮಾರನೇ ದಿನ ನನಗೂ ಇರುತ್ತವೆ. ವ್ಯತ್ಯಾಸ ಇರುವುದು ಲೆಕ್ಕದಲ್ಲಿ. ಮೊದಲು ಇರದಿದ್ದದ್ದು ಈ ಒಂದು ವರ್ಷದೊಳಗೆ ಶುರುವಾಗಿದ್ದರೆ, ತಿಂಗಳಿಗೆ 12 ದಿನಕ್ಕಿಂತ ಜಾಸ್ತಿ ಕಾಡುತ್ತಿದ್ದರೆ, ವಯಸ್ಸು 50ರ ಆಚೆ ಈಚೆ ಇದ್ದರೆ, ಹೊಟ್ಟೆ ಸ್ಕ್ಯಾನ್ ಮಾಡಿಸಲೇಬೇಕು. ಸಿಎ-125 ಟೆಸ್ಟಿಗೆ ನಿಜವಾದ ಜಾಗವೂ ಇಲ್ಲೇ, ಲಕ್ಷಣ ಇದ್ದವರಲ್ಲಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ಗ್ಯಾಸ್ಟ್ರಿಕ್ಕನ್ನು ಸುಮ್ಮನೆ ನಂಬಬಾರದು.

ಆದರೆ ಸ್ಕ್ಯಾನಿಂಗ್ ಸೆಂಟರಿಗೆ ಹೋಗುವುದು ಹೇಳಿದಷ್ಟು ಸುಲಭ ಅಲ್ಲ. ಹಾಸನದಲ್ಲಿ ಒಂದು ಕಡೆ ಹೋದಾಗ ಅಲ್ಲಿ ಕೂತಿದ್ದವರೆಲ್ಲ ಬಸುರಿಯರು. ದೊಡ್ಡಮ್ಮ ಸೆರಗು ಹೊದ್ದು ಮೂಲೆಯಲ್ಲಿ ನಿಂತರು. "ಈ ವಯಸ್ಸಲ್ಲಿ ನಾನಿಲ್ಲಿ ಕೂತ್ರೆ ನೋಡಿದೋರು ಏನಂದ್ಕೊಳ್ಳಲ್ಲ?" ಒಳಗಿನಿಂದ ಮಾಡುವ ಸ್ಕ್ಯಾನ್ ಅಂದ ಕೂಡಲೇ ಎದ್ದು ಹೊರಟೇಬಿಟ್ಟಿದ್ದರು. ಅಂಡಾಶಯ ಸರಿಯಾಗಿ ಕಾಣುವುದು ಅದರಲ್ಲೇ. ಒಳಗೆ ಹೆಂಗಸೇ ಇದ್ದಾರೆ ಎಂದು ನಾನು ಹೋಗಿ ನೋಡಿ ಬಂದು ಹೇಳಿದ ಮೇಲೆ ಒಪ್ಪಿದರು. ಜೊತೆಗೆ ಬಂದವನು ಅಣ್ಣನಾಗಿದ್ದರೆ ಆ ದಿನ ಹಾಗೇ ವಾಪಸ್ ಬರುತ್ತಿದ್ದರು ಅನಿಸುತ್ತದೆ.

ತೋಟದ ಲೈನ್ ಮನೆಗಳಲ್ಲಿ ಇರುವವರ ಕಥೆ ಇನ್ನೂ ಒಂದು ಹೆಜ್ಜೆ ಹಿಂದೆ. ಈಗ ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರಿದ್ದಾರೆ. ಕಿಬ್ಬೊಟ್ಟೆ ಭಾರ ಎನ್ನುವುದನ್ನು ಕನ್ನಡದ ಡಾಕ್ಟರಿಗೆ ಅವರು ಯಾವ ಭಾಷೆಯಲ್ಲಿ ಹೇಳಬೇಕು? ಗಂಡನೋ ಮೇಸ್ತ್ರಿಯೋ ಹರಕು ಹಿಂದಿಯಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಅದು "ಪೇಟ್ ದರ್ದ್" ಆಗಿ, ಚೀಟಿಯಲ್ಲಿ ಗ್ಯಾಸ್ಟ್ರಿಕ್ ಆಗಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಮೊದಲ ಆಪರೇಷನ್. ಸ್ಕ್ಯಾನಿನಲ್ಲಿ "ಓವರಿಯಲ್ಲಿ ಗಡ್ಡೆ" ಎಂದು ಬಂದ ಕೂಡಲೇ ನಮ್ಮ ಜನ ಹೇಳುವುದು "ತೆಗೆಸಿಬಿಡೋಣ." ಹತ್ತಿರದ ನರ್ಸಿಂಗ್ ಹೋಮಿನಲ್ಲಿ ತೆಗೆಯಲು ತಯಾರಿರುತ್ತಾರೆ. ನೀರುಗುಳ್ಳೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಅವನ್ನು ಅಲ್ಲೇ ತೆಗೆದರೆ ತೊಂದರೆ ಇಲ್ಲ. ಆದರೆ ಗಡ್ಡೆಯೊಳಗೆ ಗಟ್ಟಿ ಭಾಗ ಇದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ, ಮುಟ್ಟು ನಿಂತವರಾಗಿದ್ದರೆ ಅನುಮಾನ ಪಡಬೇಕು. ಅಂಡಾಶಯದೊಳಗೇ ಇದ್ದ ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಒಡೆದರೆ ಅದರ ಹಂತವೇ ಮೇಲೇರುತ್ತದೆ. ಮುಚ್ಚಿಟ್ಟ ಡಬ್ಬಿಯನ್ನು ನಾವೇ ಕೈಯಾರೆ ಚೆಲ್ಲಿದ ಹಾಗೆ.

ಇನ್ನು ಹರಡಿದ ಕ್ಯಾನ್ಸರ್ ಆಗಿದ್ದರೆ ಆಪರೇಷನ್ನಿನ ಗುರಿಯೇ ಬೇರೆ. ಕಣ್ಣಿಗೆ ಕಾಣುವ ಒಂದು ತುಣುಕನ್ನೂ ಉಳಿಸಬಾರದು. ಎರಡೂ ಅಂಡಾಶಯ, ನಾಳ, ಗರ್ಭಕೋಶ, ಕೊಬ್ಬಿನ ಪದರ, ಬೇಕಾದರೆ ಕರುಳಿನ ಒಂದು ಭಾಗ. ಐದಾರು ಗಂಟೆ ಹಿಡಿಯಬಹುದು. ರಕ್ತ, ಐಸಿಯು ಎಲ್ಲ ಪಕ್ಕದಲ್ಲೇ ಬೇಕು. ಏನೂ ಉಳಿಸದೆ ತೆಗೆದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ. ಅದಕ್ಕೆ ಹೆಂಗಸರ ಕ್ಯಾನ್ಸರ್ ಆಪರೇಷನ್‌ಗೆಂದೇ ಬೇರೆ ತರಬೇತಿ ಪಡೆದ ಸರ್ಜನ್ ಇರುತ್ತಾರೆ. ಹೆರಿಗೆ ಮಾಡಿಸುವ ಡಾಕ್ಟರು ಎಷ್ಟೇ ಒಳ್ಳೆಯವರಾಗಿರಲಿ, ಇದು ಅವರ ಕೆಲಸ ಅಲ್ಲ. ಅವರಲ್ಲಿ ಪ್ರಾಮಾಣಿಕರು ತಾವೇ ಹೇಳಿ ಕಳಿಸುತ್ತಾರೆ.

ದೊಡ್ಡಮ್ಮನಿಗೆ ಹೇಳಲಿಲ್ಲ. ಒಂದು ಸಣ್ಣ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು, ನೋಡಿದರು, ಆದಷ್ಟು ತೆಗೆದರು, ಹೊಲಿದರು. ಹತ್ತು ದಿನದ ನಂತರ ಬಯಾಪ್ಸಿ ಕಾಗದ ಕೈಗಿಟ್ಟು "ದೊಡ್ಡ ಕಡೆ ಹೋಗಿ" ಅಂದರು. ದೊಡ್ಡ ಕಡೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನೇನು ಉಳಿಸಿದ್ದಾರೆ ಅಂತ ಆಪರೇಷನ್ ನೋಟ್‌ನಲ್ಲಿ ಇಲ್ವಲ್ಲ?" ಮೂರು ಕೀಮೋ ಕೊಟ್ಟು ಮತ್ತೊಮ್ಮೆ ಹೊಟ್ಟೆ ಕೊಯ್ದರು. ಮೊದಲ ಸಲವೇ ಸರಿಯಾದ ಕಡೆ ಹೋಗಿದ್ದರೆ ಒಂದೇ ಗಾಯದಲ್ಲಿ ಮುಗಿಯುತ್ತಿತ್ತೇನೋ.

ಸರಿಯಾದ ಕಡೆ ಅಂದರೆ ಎಲ್ಲಿ? ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಚಿಕ್ಕಮಗಳೂರಿನಲ್ಲೂ ಈಚೆಗೆ ಶುರುವಾಗಿದೆ. ಗುರುತಿಸಿ ಕಳಿಸುವ ಕೆಲಸಕ್ಕೆ ಇವು ಬೇಕು. ಆದರೆ ಇಂಥ ದೊಡ್ಡ ಆಪರೇಷನ್ ಅಂದರೆ ಜನ ಹೊರಡುವುದು ಬೆಂಗಳೂರಿನ ಕಿದ್ವಾಯಿಗೆ, ಇಲ್ಲವೇ ಮೈಸೂರು, ಮಂಗಳೂರು, ಮಣಿಪಾಲಕ್ಕೆ. 1973ರಲ್ಲಿ ಶುರುವಾದ ಕಿದ್ವಾಯಿ ಈಗಲೂ ಬಡವರ ಬಾಯಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಇನ್ನೊಂದು ಹೆಸರು.

ಈಗ ದಾರಿಯ ಲೆಕ್ಕ ಹಾಕಿ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಮೂಡಿಗೆರೆ ಕಡೆಯಿಂದ ಸುಮಾರು 250. ಸಾಮಾನ್ಯವಾಗಿ ಕೊಡುವುದು ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಔಷಧಿ, ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ. ಕೀಮೋಗೆ ಮಾತ್ರ ಹೋಗಿ ಬಂದರೂ 3 ಸಾವಿರ ಕಿಲೋಮೀಟರ್ ಆಯಿತು. ಬೆಳಿಗ್ಗೆ ಎಂಟಕ್ಕೆ ಒಪಿಡಿ ಸಾಲಿನಲ್ಲಿ ಇರಬೇಕೆಂದರೆ ಹಿಂದಿನ ರಾತ್ರಿಯೇ ಹೊರಡಬೇಕು. ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ಆನೆ ಭಯ. ಹಾಗಾಗಿ ಸಂಜೆ ನಾಲ್ಕಕ್ಕೇ ಬಸ್‌ಸ್ಟ್ಯಾಂಡಿಗೆ ಬಂದು ಕೂರಬೇಕು. ಆಷಾಢದ ಮಳೆಯಲ್ಲಿ ಮಂಗಳೂರಿಗೆ ಹೊರಟರೆ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಜರಿದಿರುತ್ತದೆ.

ಬೆಂಗಳೂರಿನ ರೋಗಿ ಕೀಮೋ ಮುಗಿಸಿ ಆಟೋದಲ್ಲಿ ಮನೆಗೆ ಹೋಗಿ ಮಲಗುತ್ತಾಳೆ. ನಮ್ಮವಳು ವಾಂತಿಗೆ ಪ್ಲಾಸ್ಟಿಕ್ ಕವರ್ ಹಿಡಿದು ಕಿಟಕಿ ಪಕ್ಕ ಕೂರುತ್ತಾಳೆ. ಅದು ಅಷ್ಟಕ್ಕೇ ಮುಗಿದರೆ ಸಹಿಸಬಹುದು. ಕೀಮೋ ಆದ ಒಂದೆರಡು ವಾರ ರಕ್ತದ ಬಿಳಿ ಕಣ ಕುಸಿಯುತ್ತವೆ. ಆಗ ಜ್ವರ ಬಂದರೆ ಅದು ಎಮರ್ಜೆನ್ಸಿ. ಗಂಟೆಗಳೊಳಗೆ ಆ್ಯಂಟಿಬಯೋಟಿಕ್ ಡ್ರಿಪ್ ಬೇಕು. ಕಳಸದ ಕಡೆ ರಾತ್ರಿ ಹನ್ನೊಂದಕ್ಕೆ 101 ಡಿಗ್ರಿ ಬಂದರೆ ಡೋಲೋ ಮಾತ್ರೆ ಕೊಟ್ಟು ಬೆಳಗಾಗಲಿ ಅನ್ನುತ್ತಾರೆ. ಎಷ್ಟೋ ಜನ ಮೂರನೇ ನಾಲ್ಕನೇ ಕೀಮೋಗೆ ಸಾಕು ಅಂದುಬಿಡುತ್ತಾರೆ. ಫೈಲಿನಲ್ಲಿ ಅದಕ್ಕೆ "ಚಿಕಿತ್ಸೆಗೆ ಬರಲಿಲ್ಲ" ಎಂದು ಒಂದು ಸಾಲು. ಯಾಕೆ ಬರಲಿಲ್ಲ ಎಂದು ಬರೆಯುವ ಜಾಗ ಆ ಫಾರಂನಲ್ಲಿ ಇರುವುದಿಲ್ಲ.

ಇದರಲ್ಲಿ ಬದಲಾಗಬಹುದಾದದ್ದು ಕೀಮೋ. ಯಾವ ಔಷಧಿ ಎಂದು ದೊಡ್ಡ ಕಡೆ ಒಮ್ಮೆ ನಿರ್ಧಾರವಾದ ಮೇಲೆ ಅದನ್ನು ಜಿಲ್ಲೆಯಲ್ಲೇ ಕೊಡಬಹುದು. 2025-26ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡುತ್ತೇವೆ ಎಂದು ಹೇಳಿದ್ದಾರೆ. ನನಗೆ ಕೇಳಿದರೆ ಹೊಸ ಮಷೀನುಗಳಿಗಿಂತ ಇದೇ ಹೆಚ್ಚು ಉಪಯೋಗ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇದು ಎಷ್ಟು ಮನೆಗಳನ್ನು ಸಾಲದಿಂದ ಉಳಿಸಿದೆ ಎಂದು ಕಣ್ಣಾರೆ ನೋಡಿದ್ದೇನೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಖಾಸಗಿಯಲ್ಲಿ ಆಪರೇಷನ್ ಮುಗಿಸಿ ಬಂದವರು ಮತ್ತೆ ಹಿಂದಕ್ಕೆ ಹೋಗಿ ಚೀಟಿ ತರಬೇಕು. ಕಾಯಿಲೆ ಗೊತ್ತಾಗುವ ಮೊದಲು ಸುರಿದ ದುಡ್ಡು, ಕೂಲಿ ಹೋದ ದಿನಗಳು, ಜೊತೆಗೆ ಬಂದವರ ಊಟ, ರೂಮು, ಇವು ಯಾವ ಪ್ಯಾಕೇಜಿಗೂ ಬರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ನಾವಿಬ್ಬರೂ ಓಡಾಡಿದ್ದು ಅದರಲ್ಲೇ. ಆದರೆ ಅದು ಕರ್ನಾಟಕದವರಿಗೆ ಮಾತ್ರ, ಅಸ್ಸಾಮಿನ ಆ ಹೆಂಗಸಿಗೆ ಟಿಕೆಟ್ ಉಂಟು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಉಚಿತ, ಜೊತೆಯವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಇರಬೇಕು. ಇದು ಗೊತ್ತಿರುವವರೇ ಕಡಿಮೆ.

ಇಷ್ಟೆಲ್ಲ ಕೇಳಿದ ಮೇಲೂ ಒಬ್ಬರು, "ಅದು ಅವರವರ ದೇಹದ ಗುಣ" ಅಂದರು. ಅಮೆರಿಕದ ಉದಾಹರಣೆ ಹೇಳಿದೆ. ಅಲ್ಲಿ ಕಪ್ಪು ಹೆಂಗಸರಿಗೆ ಈ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಕಡಿಮೆ. ಬಂದ ಮೇಲೆ ಐದು ವರ್ಷ ಬದುಕುವವರೂ ಕಡಿಮೆ. ಮೊದಲು ಅಲ್ಲೂ ದೇಹದ ಗುಣ ಅಂದಿದ್ದರು. ಆಮೇಲೆ ನೋಡಿದರೆ ನಿಯಮದ ಪ್ರಕಾರ ಆಪರೇಷನ್, ಕೀಮೋ ಎರಡೂ ಪೂರ್ತಿ ಸಿಕ್ಕವರ ಪ್ರಮಾಣವೇ ಅವರಲ್ಲಿ ಕಡಿಮೆ ಇತ್ತು. ಎಲ್ಲರಿಗೂ ಒಂದೇ ಚಿಕಿತ್ಸೆ ಕೊಟ್ಟ ಕಡೆ ಆ ಅಂತರ ಬಹಳಷ್ಟು ಕರಗಿತು.

ಕೊನೆಯದಾಗಿ ವಂಶದ ವಿಷಯ. ಇದು ಈಗ ನಮ್ಮ ಮನೆಯ ವಿಷಯವೂ ಹೌದು. ಐದಾರು ರೋಗಿಗಳಲ್ಲಿ ಒಬ್ಬರಿಗಾದರೂ ಬಿಆರ್‌ಸಿಎ ಎಂಬ ಜೀನ್‌ನಲ್ಲಿ ದೋಷ ಇರುತ್ತದೆ. ಅದು ಹುಟ್ಟಿನಿಂದ ಬಂದದ್ದು. ತಾಯಿಯಿಂದ ಮಾತ್ರ ಅಲ್ಲ, ತಂದೆಯಿಂದಲೂ ಬರುತ್ತದೆ. ಬಿಆರ್‌ಸಿಎ-1 ದೋಷ ಇರುವ ಹೆಂಗಸಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 40ರ ಆಸುಪಾಸು. ಸ್ತನ ಕ್ಯಾನ್ಸರ್ ಅಪಾಯವೂ ಜೊತೆಗಿದೆ. ಗೊತ್ತಾದರೆ ರೋಗಿಗೆ ಒಲಾಪರಿಬ್‌ನಂಥ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ತಿಳಿಯುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅದು ಬೇರೆ. ಮನೆಯ ಉಳಿದ ಹೆಂಗಸರು ಮಕ್ಕಳಾದ ಮೇಲೆ, 35ರಿಂದ 40ರೊಳಗೆ, ಅಂಡಾಶಯ ಮತ್ತು ನಾಳ ತೆಗೆಸಿಕೊಳ್ಳುವ ಬಗ್ಗೆ ಯೋಚಿಸಬಹುದು. ಸ್ಕ್ರೀನಿಂಗ್ ಇಲ್ಲದ ಈ ಕಾಯಿಲೆಯಲ್ಲಿ ಮುಂಚೆಯೇ ತಡೆಯುವ ದಾರಿ ಅಂತ ಗಟ್ಟಿಯಾಗಿ ಇರುವುದು ಇದೊಂದೇ.

ದೊಡ್ಡಮ್ಮನ ಟೆಸ್ಟ್‌ನಲ್ಲಿ ಬಿಆರ್‌ಸಿಎ-1 ದೋಷ ಸಿಕ್ಕಿತು. ಅವರ ಮಗಳಿಗೆ, ಅಂದರೆ ಅಕ್ಕನಿಗೆ, ಹೇಳಿದಾಗ ಭಾವನ ಮೊದಲ ಮಾತು, "ಇದನ್ನ ಯಾರಿಗೂ ಹೇಳೋದು ಬೇಡ, ನಾಳೆ ಮಗಳ ಮದುವೆ ಆಗ್ಬೇಕು." ಮಗಳಿಗೆ ಈಗ 13. ಎರಡು ತಿಂಗಳು ಆ ಮಾತು ಅಲ್ಲೇ ನಿಂತಿತು. ಹೋದ ಗುರುವಾರ ಅಕ್ಕ ಒಬ್ಬಳೇ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂದಳು. ಮನೆಯಲ್ಲಿ ಸೀರೆ ತರಲು ಹೋಗುತ್ತೇನೆ ಎಂದು ಹೇಳಿದ್ದಳಂತೆ. ಲ್ಯಾಬಿನವರು ಒಂದು ಟ್ಯೂಬ್ ರಕ್ತ ತೆಗೆದುಕೊಂಡರು, ಮೂರು ವಾರ ಆಗುತ್ತದೆ ಅಂದರು. ಫೋನ್ ನಂಬರ್ ಬರೆಯುವ ಜಾಗದಲ್ಲಿ ಅವಳು ನನ್ನ ನಂಬರ್ ಬರೆದಳು. ಆಮೇಲೆ ಇಬ್ಬರೂ ಅಂಗಡಿಗೆ ಹೋಗಿ ನಿಜವಾಗಿಯೂ ಒಂದು ಸೀರೆ ತಗೊಂಡೆವು.